ಮರಿಯಾನಿ ಬಿಬಿಯ ಊರು

ನಾನು ಬೆಳೆದ ಮನೆಗೆ ಎರಡು ಅಡುಗೆಮನೆಗಳಿದ್ದವು. ಮೇಲಿನದು ನಮ್ಮದು, ಕೆಳಗಿನದು ಮನೆ ಮಾಲೀಕರದು. ನನ್ನ ಹೊಟ್ಟೆ ತುಂಬುತ್ತಿದ್ದದ್ದು ಎರಡರಲ್ಲೂ. ಸೌದಿಯ ಅಲ್ ಖೋಬರಿನ ಹಳೆಯ ಬೀದಿಯೊಂದರಲ್ಲಿ, ಸಮುದ್ರಕ್ಕೆ ಹತ್ತು ನಿಮಿಷದ ನಡಿಗೆಯಲ್ಲಿದ್ದ ಎರಡಂತಸ್ತಿನ ಕಟ್ಟಡ ಅದು. ಮೇಲೆ ನಮಗೆ ಒಂದು ಹಜಾರ, ಒಂದು ಮಲಗುವ ಕೋಣೆ, ಇಬ್ಬರು ನಿಂತರೆ ಮೂರನೆಯವರಿಗೆ ಜಾಗವಿಲ್ಲದ ಅಡುಗೆಮನೆ. ಉಪ್ಪುಗಾಳಿಗೆ ಗೋಡೆಯ ಬಣ್ಣ ಹಪ್ಪಳದ ಹಾಗೆ ಎದ್ದು ಬರುತ್ತಿತ್ತು. ನಾನು ಅದನ್ನು ಉಗುರಿನಿಂದ ಕಿತ್ತು ಬೈಸಿಕೊಳ್ಳುತ್ತಿದ್ದೆ. ಬೇಸಿಗೆಯಲ್ಲಿ ತಾರಸಿಯ ಟ್ಯಾಂಕಿನ ನೀರು ಎಷ್ಟು ಕಾಯುತ್ತಿತ್ತೆಂದರೆ ತಣ್ಣೀರಿನ ನಲ್ಲಿ ತಿರುಗಿಸಿದರೂ ಕೈ ಸುಡುತ್ತಿತ್ತು. ಅದಕ್ಕಾಗಿ ನನ್ನ ತಾಯಿ, ಉಮ್ಮ, ಬೆಳಿಗ್ಗೆಯೇ ಬಕೆಟ್ಟುಗಳಲ್ಲಿ ನೀರು ತುಂಬಿಸಿ ಎಸಿ ಇದ್ದ ಕೋಣೆಯಲ್ಲಿ ಸಾಲಾಗಿ ಇಡುತ್ತಿದ್ದಳು. ಸಂಜೆಗೆ ಅದು ಸ್ನಾನಕ್ಕೆ ಆಗುವಷ್ಟು ತಣಿದಿರುತ್ತಿತ್ತು. ಮಧ್ಯಾಹ್ನ ಕೋಣೆಯಲ್ಲಿ ಓಡಾಡಬೇಕಾದರೆ ಬಕೆಟ್ಟುಗಳ ನಡುವೆ ಕಾಲು ಹುಡುಕಿ ಇಡಬೇಕು. ಒಮ್ಮೆ ನನ್ನ ತಂದೆ, ಉಪ್ಪ, ನಮಾಜಿಗೆ ಅವಸರದಲ್ಲಿ ಎದ್ದು ಒಂದನ್ನು ಉರುಳಿಸಿ, ಚಾಪೆ, ಹಾಸಿಗೆ, ನನ್ನ ಶಾಲೆಯ ಚೀಲ ಎಲ್ಲವೂ ನೆನೆದು, ಆ ದಿನವಿಡೀ ಅವನ್ನು ತಾರಸಿಯಲ್ಲಿ ಒಣಗಿಸುವುದೇ ಕೆಲಸವಾಯಿತು.

ಉಪ್ಪ ದಮ್ಮಾಮಿನ ಬಂದರಿನಲ್ಲಿ ಹಡಗುಗಳಿಗೆ ಸಾಮಾನು ಒದಗಿಸುವ ಒಂದು ಸಣ್ಣ ಕಂಪೆನಿಯ ಗೋದಾಮು ನೋಡಿಕೊಳ್ಳುತ್ತಿದ್ದರು. ಕಡಿಮೆ ಮಾತಿನವರು. ಉಮ್ಮ ಮದುವೆಗೆ ಮುಂಚೆ ಉಡುಪಿ ಕಡೆಯ ಒಂದು ಕನ್ನಡ ಶಾಲೆಯಲ್ಲಿ ಟೀಚರ್ ಆಗಿದ್ದವಳು. ಖೋಬರಿನಲ್ಲಿ ಅವಳಿಗೆ ಉಳಿದ ಒಬ್ಬಳೇ ವಿದ್ಯಾರ್ಥಿನಿ ನಾನು. ಮನೆಯಲ್ಲಿ ನಾವು ಆಡುತ್ತಿದ್ದದ್ದು ಬ್ಯಾರಿ, ಶಾಲೆಯಲ್ಲಿ ಇಂಗ್ಲಿಷು, ಬೀದಿಯಲ್ಲಿ ಅರಬಿ. ಆದರೂ ದಿನಕ್ಕೆ ಹತ್ತು ವಾಕ್ಯ ಕನ್ನಡದಲ್ಲಿ ಬರೆದು ತೋರಿಸಿದ ಮೇಲೆಯೇ ನನಗೆ ಚಹಾ. ಏನು ಬರೆಯಬೇಕೆಂದು ಅವಳು ಹೇಳುತ್ತಿರಲಿಲ್ಲ. ಸುಳ್ಳು ಬರೆದರೂ ಬೈಯುತ್ತಿರಲಿಲ್ಲ. ಒತ್ತಕ್ಷರ ತಪ್ಪಿದರೆ ಮಾತ್ರ ಕಿವಿ ಹಿಂಡುತ್ತಿದ್ದಳು. ಒಂಬತ್ತು ವರ್ಷದ ನನಗೆ ಬರೆಯಲು ವಿಷಯಗಳೇ ಸಿಗುತ್ತಿರಲಿಲ್ಲ. ಊರು ಎಂದರೆ ನನಗೆ ಎರಡು ವರ್ಷಕ್ಕೊಮ್ಮೆ ಹೋಗಿ ಬರುವ ಒಂದು ತಿಂಗಳು, ಹೊಟ್ಟೆಗೆ ಹಿಡಿಸದ ನೀರು, ಕೆನ್ನೆ ಹಿಂಡುವ ಸಂಬಂಧಿಕರು. ಕೆಳಗಿನ ಮನೆಗೆ ಹೋಗತೊಡಗಿದ ಮೇಲೆ ಮಾತ್ರ ನನ್ನ ಹತ್ತು ವಾಕ್ಯ ಇಪ್ಪತ್ತಾಯಿತು.

ಕೆಳಗೆ ಇದ್ದವರು ಸಾಲೆಹ್ ಮತ್ತು ಅವರ ತಾಯಿ. ಸಾಲೆಹ್ ನಮ್ಮ ಮನೆ ಮಾಲೀಕರು ಮಾತ್ರವಲ್ಲ, ಉಪ್ಪನ ಕಫೀಲ್ ಕೂಡ, ಅಂದರೆ ಇಲ್ಲಿ ಅವರನ್ನು ಕೆಲಸಕ್ಕಿರಿಸಿಕೊಂಡ ಜವಾಬ್ದಾರರು. ಕಂಪೆನಿ ಅವರದೇ, ಉಪ್ಪನ ಇಕಾಮಾ, ಅಂದರೆ ಈ ದೇಶದಲ್ಲಿರುವ ಪರವಾನಗಿ, ಪ್ರತಿ ಸಲ ಹೊಸದಾಗಬೇಕಾದರೆ ಅವರ ಸಹಿ ಬೇಕು. ಅವರ ತಾಯಿಗೆ ಎರಡೂ ಕಣ್ಣು ಕಾಣುತ್ತಿರಲಿಲ್ಲ. ಬೀದಿಯ ಮಕ್ಕಳೆಲ್ಲ ಅವರನ್ನು ಜದ್ದಾ, ಅಂದರೆ ಅಜ್ಜಿ, ಎನ್ನುತ್ತಿದ್ದೆವು. ಅವರು ನಡುಮನೆಯ ನೆಲದ ಮೇಲೆ ದಿಂಬಿಗೆ ಒರಗಿ ಕುಳಿತು, ಯಾರು ಯಾವ ಬಾಗಿಲಲ್ಲಿ ಚಪ್ಪಲಿ ಬಿಟ್ಟರು ಎಂಬುದನ್ನು ಸದ್ದಿನಿಂದಲೇ ಹೇಳುತ್ತಿದ್ದರು. ಅವರನ್ನು ನೋಡಿಕೊಳ್ಳಲು ಇದ್ದವಳು ಇಂಡೋನೇಷ್ಯಾದ ಒಬ್ಬ ಹೆಂಗಸು. ಆ ಮನೆಯಲ್ಲಿ ಅವಳನ್ನು ಮರಿಯಮ್ ಎಂದು ಕರೆಯುತ್ತಿದ್ದರು. ನಾನು ಮೊದಲ ಬಾರಿ ಕೆಳಗೆ ಹೋದದ್ದು, ತಾರಸಿಯಿಂದ ಹಾರಿಬಿದ್ದ ನನ್ನ ಸಮವಸ್ತ್ರವನ್ನು ಕೇಳಲು. ಅವಳು ಅದನ್ನು ಒಗೆದು, ಇಸ್ತ್ರಿ ಹಾಕಿ, ಮಡಿಚಿ ಇಟ್ಟಿದ್ದಳು. ತನ್ನ ನಿಜವಾದ ಹೆಸರು ಮರಿಯಾನಿ ಎಂದು ನನಗೊಬ್ಬಳಿಗೇ ಹೇಳಿ, ಬಿಬಿ ಎಂದು ಕರೆ ಅಂದಳು. ಅವಳ ಭಾಷೆಯಲ್ಲಿ ಬಿಬಿ ಎಂದರೆ ಚಿಕ್ಕಮ್ಮ.

ಆ ವರ್ಷ ಉಮ್ಮ ಬಸುರಿಯಾದಳು. ಐದನೆಯ ತಿಂಗಳಲ್ಲಿ ಏನೋ ತೊಂದರೆ ಕಾಣಿಸಿಕೊಂಡು, ಹಾಸಿಗೆಯಿಂದ ಏಳಲೇಬಾರದು ಎಂದು ಡಾಕ್ಟರು ಹೇಳಿದರು. ಉಪ್ಪನಿಗೆ ಚಹಾ ಬಿಟ್ಟರೆ ಬೇರೇನೂ ಮಾಡಲು ಬರುತ್ತಿರಲಿಲ್ಲ. ಮೂರು ದಿನ ನಾವು ಖುಬ್ಬೂಸ್ ರೊಟ್ಟಿಯನ್ನು ಮೊಸರಿಗೆ ಅದ್ದಿ ತಿಂದೆವು. ನಾಲ್ಕನೆಯ ದಿನ ಜದ್ದಾ ಮರಿಯಾನಿಯನ್ನು ಮೇಲೆ ಕಳುಹಿಸಿದರು. ಅಲ್ಲಿಂದ ಹೆರಿಗೆಯವರೆಗೆ, ಅಷ್ಟೂ ತಿಂಗಳು, ಕೆಳಗಿನ ಕೆಲಸ ಮುಗಿಸಿ ಅವಳು ದಿನಕ್ಕೊಂದು ಗಂಟೆ ಬಂದು ನಮಗೆ ಅಡುಗೆ ಮಾಡಿಟ್ಟು ಹೋಗುತ್ತಿದ್ದಳು. ಮೊದಲ ದಿನ ಮೀನಿಗೆ ಬರೀ ಉಪ್ಪು, ಲಿಂಬೆರಸ ಸವರಿ ಕಾವಲಿಯ ಮೇಲೆ ಸುಟ್ಟು, ಹಸಿ ಟೊಮೆಟೊ, ಮೆಣಸು, ಈರುಳ್ಳಿ ಜಜ್ಜಿದ ಚಟ್ನಿಯೊಂದಿಗೆ ಬಡಿಸಿದಳು. ಮಸಾಲೆ ಅರೆಯದ ಮೀನನ್ನು ನೋಡಿ ಉಪ್ಪ ತಟ್ಟೆಯನ್ನು ಸ್ವಲ್ಪ ದೂರ ಸರಿಸಿ, ಆಮೇಲೆ ಹತ್ತಿರ ಎಳೆದುಕೊಂಡು, ಕೊನೆಗೆ ಮುಳ್ಳನ್ನೂ ಚೀಪಿದರು. ಉಮ್ಮ ಮಲಗಿದಲ್ಲಿಂದಲೇ ಕೂಗಿ ಕೂಗಿ ಪುಂಡಿ ಮಾಡುವುದನ್ನು ಕಲಿಸಿದಳು. ಅಕ್ಕಿಯ ತರಿಯನ್ನು ಬಾಡಿಸಿ, ಉಂಡೆ ಕಟ್ಟಿ, ಹಬೆಯಲ್ಲಿ ಬೇಯಿಸುವುದು. ಬ್ಯಾರಿ, ಅರಬಿ, ಕೈಸನ್ನೆ ಎಲ್ಲ ಸೇರಿದ ಆ ಪಾಠದಲ್ಲಿ ನಡುವೆ ನಿಂತು ಮಾತು ದಾಟಿಸುತ್ತಿದ್ದವಳು ನಾನು. ತನ್ನ ಊರಲ್ಲಿ ಅಕ್ಕಿಯನ್ನು ತೆಂಗಿನ ಎಳೆಗರಿಯ ಪುಟ್ಟ ಚೀಲದಲ್ಲಿ ತುಂಬಿ ಬೇಯಿಸುತ್ತಾರೆ ಎಂದು ಅವಳು ಹೇಳಿದಾಗ ಉಮ್ಮ ಎದ್ದು ಕೂರಲು ಹೋದಳು. ನಮ್ಮಲ್ಲೂ ಓಲೆಯಲ್ಲಿ, ಹಲಸಿನ ಎಲೆಯಲ್ಲಿ ಹಿಟ್ಟು ಹೊಯ್ದು ಬೇಯಿಸುವುದಿಲ್ಲವೇ ಎಂದು ಕೇಳಿದಳು, ನಾವಿಬ್ಬರೂ ಅವಳನ್ನು ಹಿಡಿದು ಮಲಗಿಸಬೇಕಾಯಿತು.

ಶಾಲೆಯಿಂದ ಬಂದ ಮೇಲೆ ನನ್ನ ಸಂಜೆಗಳು ಕೆಳಗಿನ ಅಡುಗೆಮನೆಯಲ್ಲಿ ಕಳೆಯುತ್ತಿದ್ದವು. ಬಿಬಿ ಸೊಪ್ಪು ಸೋಸುತ್ತ ತನ್ನ ಊರಿನ ಬಗ್ಗೆ ಹೇಳುತ್ತಿದ್ದಳು. ಅದು ಸುಂಬಾವಾ ಎಂಬ ದೊಡ್ಡ ದ್ವೀಪದ ಪಕ್ಕದಲ್ಲಿ ಒಂದು ಪುಟ್ಟ ದ್ವೀಪ. ಒಲೆಯ ಮೇಲೆ ಅನ್ನಕ್ಕಿಟ್ಟು ಹೊರಟರೆ, ಊರನ್ನು ಒಂದು ಸುತ್ತು ಹಾಕಿ ಬರುವಾಗ ಅನ್ನ ಆಗಿರುತ್ತದಂತೆ. ಮನೆಗಳೆಲ್ಲ ಕಂಬಗಳ ಮೇಲೆ, ಒಂದರ ಮಾಡಿಗೆ ಇನ್ನೊಂದು ತಾಗಿಕೊಂಡು. ಬಾವಿ ಇಲ್ಲ. ಕುಡಿಯುವ ನೀರಿಗೆ ಹೆಂಗಸರು ಕ್ಯಾನುಗಳನ್ನು ದೋಣಿಯಲ್ಲಿಟ್ಟು ದೊಡ್ಡ ದ್ವೀಪಕ್ಕೆ ಹುಟ್ಟು ಹಾಕಿಕೊಂಡು ಹೋಗಬೇಕು. ಹುಲ್ಲು ಹುಟ್ಟಲು ಮಣ್ಣಿಲ್ಲ. ಆಡುಗಳು ಕಾಗದ, ರಟ್ಟು, ಕೆಲವೊಮ್ಮೆ ಒಣಗಲು ಹಾಕಿದ ಬಟ್ಟೆ ತಿಂದು ಬದುಕುತ್ತವೆ. ತನ್ನ ಮೂರನೆಯ ತರಗತಿಯ ಪುಸ್ತಕವನ್ನು ಆಡು ತಿಂದದ್ದರಿಂದಲೇ ತನ್ನ ಓದು ನಿಂತದ್ದು ಎಂದು ಅವಳು ಹೇಳುತ್ತಿದ್ದಳು. ಅದು ತಮಾಷೆಯೋ ನಿಜವೋ ನನಗೆ ಇಂದಿಗೂ ಗೊತ್ತಿಲ್ಲ. ಹುಡುಗನೊಬ್ಬ ಮದುವೆಯಾಗಬೇಕಾದರೆ ಮೊದಲು ಸಮುದ್ರದಿಂದ ಹವಳದ ಕಲ್ಲು ತಂದು ತಂದು ದಡದ ನೀರಿನಲ್ಲಿ ಪೇರಿಸಬೇಕು. ಅದರ ಮೇಲೆ ಮನೆ ಕಟ್ಟುವಷ್ಟು ನೆಲವಾದ ಮೇಲೆಯೇ ಮದುವೆ. ಹಾಗಾಗಿ ಅವಳ ಊರು ಮದುವೆಯಿಂದ ಮದುವೆಗೆ ದೊಡ್ಡದಾಗುತ್ತ ಹೋಗುತ್ತದೆ. ಅವಳ ಗಂಡ ಎರಡು ವರ್ಷ ಕಲ್ಲು ಹೊತ್ತಿದ್ದ. ನೆಲವಾಯಿತು, ಮದುವೆಯಾಯಿತು, ಮಗಳು ಹುಟ್ಟಿದಳು. ಕಂಬಗಳ ಮೇಲೆ ಗೋಡೆ ಏಳುವ ಮೊದಲು ಜ್ವರ ಬಂದು ತೀರಿಕೊಂಡ. ಗೋಡೆ ಎಬ್ಬಿಸಲು ಅವಳು ಸೌದಿಗೆ ಬಂದಳು. ಆಗ ಮಗಳು ಸಿತಿಗೆ ನಾಲ್ಕು ವರ್ಷ. ನಾನು ಬಿಬಿಯನ್ನು ನೋಡುವ ಹೊತ್ತಿಗೆ ಸಿತಿಗೆ ನನ್ನದೇ ವಯಸ್ಸು.

ಇದೆಲ್ಲ ನನ್ನ ಕನ್ನಡ ಪುಸ್ತಕದಲ್ಲಿ ಸೇರುತ್ತಿತ್ತು. ಅವಳ ಭಾಷೆಯನ್ನೂ ಕಲಿತೆ. ಅವಳೂ ಭೂಮಿಗೆ ಬೂಮಿ ಅನ್ನುತ್ತಾಳೆ, ಹೆಸರಿಗೆ ನಾಮ, ಶಾಲೆಯ ಮೇಷ್ಟ್ರಿಗೆ ಗುರು, ರಂಜಾನಿನ ಉಪವಾಸಕ್ಕೆ ಪುವಾಸಾ ಎಂದು ಗೊತ್ತಾದಾಗ ಉಮ್ಮನಿಗೆ ನನಗಿಂತ ಹೆಚ್ಚು ಖುಷಿಯಾಯಿತು. ಶಾಲೆಯಲ್ಲಿ ಒಮ್ಮೆ ‘ನನ್ನ ಹಳ್ಳಿ’ ಎಂಬ ಪ್ರಬಂಧ ಬರೆಯಲು ಹೇಳಿದಾಗ ನಾನು ಯಾವ ಸಂಕೋಚವೂ ಇಲ್ಲದೆ ಆ ದ್ವೀಪವನ್ನೇ ನನ್ನ ಊರೆಂದು ಬರೆದೆ. ಟೀಚರು ಉಪ್ಪನನ್ನು ಕರೆಸಿ ನೀವು ಇಂಡೋನೇಷ್ಯಾದವರೇ ಎಂದು ಕೇಳಿದರಂತೆ. ಉಪ್ಪ ಮನೆಗೆ ಬಂದು ನನಗೇನೂ ಅನ್ನಲಿಲ್ಲ. ಉಮ್ಮನಿಗೆ ಅಂದರು, ಇನ್ನೊಂದು ವರ್ಷ ಹೀಗೇ ಬಿಟ್ಟರೆ ಇವಳು ನಮ್ಮನ್ನು ಯಾರು ಎಂದು ಕೇಳುತ್ತಾಳೆ.

ತಮ್ಮ ಹುಟ್ಟಿದ. ಉಮ್ಮ ಚೇತರಿಸಿಕೊಂಡಳು. ಆಗಲೇ ಅವಳಿಗೆ ಒಂದು ವಿಷಯ ತಿಳಿದದ್ದು. ಮರಿಯಾನಿಯ ಕರಾರು ಮುಗಿದು ಹತ್ತು ತಿಂಗಳಾಗಿತ್ತು. ಆರು ವರ್ಷದಲ್ಲಿ ಅವಳು ಒಮ್ಮೆಯೂ ಊರಿಗೆ ಹೋಗಿರಲಿಲ್ಲ. ಸಾಲೆಹ್ ಕೆಟ್ಟವರಲ್ಲ, ಸಂಬಳ ಸರಿಯಾಗಿ ಕೊಡುತ್ತಿದ್ದರು, ಎತ್ತರದ ದನಿಯಲ್ಲಿ ಮಾತಾಡಿದವರಲ್ಲ. ಆದರೆ ಅವರ ತಾಯಿ ಇನ್ನೊಬ್ಬರ ಕೈಯಿಂದ ಒಂದು ತುತ್ತೂ ತಿನ್ನುತ್ತಿರಲಿಲ್ಲ. ಹಾಗಾಗಿ ಅವರು ರಂಜಾನ್ ಕಳೆಯಲಿ ಅಂದರು, ಆಮೇಲೆ ಹಜ್ ಕಳೆಯಲಿ ಅಂದರು, ಆಮೇಲೆ ಬಿಸಿಲು ಇಳಿಯಲಿ ಅಂದರು. ಪಾಸ್‌ಪೋರ್ಟ್ ಅವರ ಕಪಾಟಿನಲ್ಲಿತ್ತು. ಮರಿಯಾನಿ ಪ್ರತಿ ಸಲವೂ ತಲೆಯಾಡಿಸಿ ಕೆಲಸಕ್ಕೆ ಮರಳುತ್ತಿದ್ದಳು. ಈ ಮಾತು ಜದ್ದಾನ ಕಿವಿಗೆ ಯಾರೂ ಹಾಕಿರಲಿಲ್ಲ. ತಾನು ಹೋಗಿ ಹೇಳುತ್ತೇನೆ ಎಂದು ಉಮ್ಮ ಹೊರಟಾಗ ಉಪ್ಪ ಊಟದ ತಟ್ಟೆಯ ಮುಂದಿನಿಂದ ಎದ್ದರು. ನಮ್ಮ ಮನೆಯಲ್ಲಿ ಅಷ್ಟು ದೊಡ್ಡ ಜಗಳ ನಾನು ಮೊದಲು ಕೇಳಿರಲಿಲ್ಲ.

“ನಿಂಗೆ ಎಂತಕ್ಕೆ ಅದೆಲ್ಲ? ನಮ್ಮ ಇಕಾಮಾ ಅವರ ಕೈಯಲ್ಲಿ ಉಂಟು. ನಾಳೆ ಅವರು ಬೇರೆ ಜನ ನೋಡ್ತೇನೆ ಅಂದ್ರೆ, ಈ ಸಣ್ಣ ಮಗು ಹಿಡ್ಕೊಂಡು ನಾವು ಎಲ್ಲಿಗೆ ಹೋಗುವುದು?”

“ನಾನು ಹಾಸಿಗೆಯಲ್ಲಿ ಬಿದ್ದಿರುವಾಗ ನಿಮಗೆ, ನಿಮ್ಮ ಮಗಳಿಗೆ ಅನ್ನ ಬೇಯಿಸಿ ಹಾಕಿದ್ದು ಯಾರು? ಅವಳಿಗೂ ಒಂದು ಮಗಳುಂಟು. ನಾನು ಸಾಲೆಹ್ ಹತ್ರ ಮಾತಾಡ್ಲಿಕ್ಕೆ ಹೋಗುವುದಿಲ್ಲ. ಅವರ ತಾಯಿ ಹತ್ರ ಹೋಗ್ತೇನೆ. ಹೆತ್ತವಳಿಗೆ ಹೆತ್ತವಳ ಮಾತು ಅರ್ಥ ಆಗ್ತದೆ.”

ಉಪ್ಪ ಕೈ ತೊಳೆಯಲು ಹೋದರು. ಉಮ್ಮನಿಗೆ ಅರಬಿ ಬರುತ್ತಿದ್ದದ್ದು ಸಲಾಮು, ಧನ್ಯವಾದಕ್ಕೆ ಶುಕ್ರನ್, ಬೆಲೆ ಕೇಳುವ ಎರಡು ಮಾತು, ಅಷ್ಟೇ. ಆದ್ದರಿಂದ ಮಾತು ದಾಟಿಸಲು ನಾನು ಹೋಗಬೇಕಾಯಿತು.

ಇಳಿಹೊತ್ತಿನ ಅಸರ್ ನಮಾಜಿನ ನಂತರ ಮರಿಯಾನಿ ಬಟ್ಟೆ ತರಲು ತಾರಸಿಗೆ ಹೋದದ್ದನ್ನು ನೋಡಿಕೊಂಡು ನಾವು ಕೆಳಗಿಳಿದೆವು. ಹೆರಿಗೆಯಾಗಿ ನಲ್ವತ್ತು ದಿನ ಆಗಿತ್ತಷ್ಟೆ. ಉಮ್ಮ ಕಂಬಿ ಹಿಡಿದು ಒಂದೊಂದೇ ಮೆಟ್ಟಿಲು ಇಳಿದಳು. ಜದ್ದಾನ ಎದುರು ಕುಳಿತು, ಅವರ ಕೈ ಹಿಡಿದುಕೊಂಡು, ನನ್ನ ಕಡೆ ತಿರುಗಿ ಬ್ಯಾರಿಯಲ್ಲಿ ಹೇಳಿದಳು. ಮರಿಯಮ್‌ಳ ಮಗಳು ತಾಯಿಯ ಮುಖ ನೋಡದೆ ಆರು ವರ್ಷವಾಯಿತು, ಕರಾರು ಮುಗಿದಿದೆ, ಅವಳಾಗಿ ಕೇಳುವ ಹೆಂಗಸಲ್ಲ, ನೀವು ನಿಮ್ಮ ಮಗನಿಗೆ ಒಂದು ಮಾತು ಹೇಳಿ ಅವಳನ್ನು ಕಳುಹಿಸಿಕೊಡಬೇಕು. ಇಷ್ಟು. ನಾನು ಜದ್ದಾನ ಮುಖ ನೋಡಿದೆ. ನನಗೆ ಆ ಕ್ಷಣ ಕಂಡದ್ದು ಖಾಲಿಯಾದ ಕೆಳಗಿನ ಅಡುಗೆಮನೆ. ಮರಿಯಾನಿ ಹೋದರೆ ಶಾಲೆಯಿಂದ ಬಂದು ನಾನು ಎಲ್ಲಿ ಕೂರುವುದು, ಆ ಊರಿನ ಕತೆ ಯಾರು ಹೇಳುವುದು? ಮೇಲೆ ಉಮ್ಮನ ಮಡಿಲಲ್ಲಿ ಈಗ ತಮ್ಮನಿದ್ದಾನೆ. ನಾನು ಅರಬಿಯಲ್ಲಿ ಹೇಳಿದೆ, ಉಮ್ಮ ನಿಮ್ಮ ಮೊಣಕಾಲು ನೋವು ಹೇಗಿದೆ ಎಂದು ಕೇಳುತ್ತಿದ್ದಾಳೆ, ಮರಿಯಮ್‌ಳನ್ನು ನಮ್ಮ ಮನೆಗೆ ಕಳುಹಿಸಿದ್ದಕ್ಕೆ ನಿಮಗೆ ಅಲ್ಲಾಹ್ ಒಳ್ಳೆಯದು ಮಾಡಲಿ ಅನ್ನುತ್ತಿದ್ದಾಳೆ.

ಜದ್ದಾ ಉಮ್ಮನ ಕಡೆಗೆ ಕಿವಿ ತಿರುಗಿಸಿದರು. ಆಮೇಲೆ, ಮೊಣಕಾಲು ಹಾಗೆಯೇ ಇದೆ, ಈ ವಯಸ್ಸಿನಲ್ಲಿ ಯಾವುದೂ ಬೇಗ ಆಗುವುದಿಲ್ಲ ಎನ್ನು, ಅಂದರು. ನಾನು ಉಮ್ಮನಿಗೆ ಹೇಳಿದೆ, ಯೋಚಿಸುತ್ತೇನೆ ಅಂದರು. ಉಮ್ಮ ಅವರ ಕೈಯನ್ನು ಕಣ್ಣಿಗೊತ್ತಿಕೊಂಡು ಎದ್ದಳು.

ಮೂರು ವಾರ ಕಳೆಯಿತು. ಉಮ್ಮ ದಿನವೂ ನಾನು ಕೆಳಗಿನಿಂದ ಬಂದ ಕೂಡಲೇ ಏನಾದರೂ ಹೇಳಿದರಾ ಎಂದು ಕೇಳುತ್ತಿದ್ದಳು. ನಾನು ಇಲ್ಲ ಅನ್ನುತ್ತಿದ್ದೆ. ಅಷ್ಟರ ಮಟ್ಟಿಗೆ ಅದು ನಿಜವೂ ಆಗಿತ್ತು. ಉಪ್ಪ, ಕಫೀಲ್ ಯಾವಾಗ ಕರೆಯುತ್ತಾರೋ ಎಂಬ ಅಂಜಿಕೆಯಲ್ಲಿ ಸರಿಯಾಗಿ ಊಟ ಮಾಡುತ್ತಿರಲಿಲ್ಲ. ಮೆಟ್ಟಿಲಲ್ಲಿ ಹೆಜ್ಜೆ ಸದ್ದಾದರೆ ಕೈ ತುತ್ತಿನೊಂದಿಗೆ ಅರ್ಧದಲ್ಲಿ ನಿಲ್ಲುತ್ತಿತ್ತು. ಯಾರೂ ಆಡದ ಮಾತಿಗೆ ನನ್ನ ತಂದೆ ಹೆದರುತ್ತಿದ್ದರು, ಯಾರಿಗೂ ತಲುಪದ ಮಾತಿಗೆ ನನ್ನ ತಾಯಿ ಉತ್ತರ ಕಾಯುತ್ತಿದ್ದಳು. ಇಬ್ಬರ ನಡುವೆ ಕುಳಿತು ನಾನು ಉಣ್ಣುತ್ತಿದ್ದೆ. ಆ ದಿನಗಳಲ್ಲಿ ನನ್ನ ಹತ್ತು ವಾಕ್ಯಗಳು ಹವಾಮಾನದ ಬಗ್ಗೆಯೇ ಇದ್ದವು. ಸುಳ್ಳು ಹೇಳಿದ್ದಕ್ಕೆ ನನಗೆ ನಾಚಿಕೆಯಾಗುತ್ತಿರಲಿಲ್ಲ ಎಂಬುದನ್ನು ಇಲ್ಲಿ ಒಪ್ಪಿಕೊಳ್ಳಬೇಕು. ಸಿಕ್ಕಿಬೀಳುವ ಭಯವಿತ್ತು, ಅಷ್ಟೇ. ಸಿತಿ ನನಗೆ ಆಡುಗಳ ಹಾಗೆ, ಕಂಬದ ಮನೆಗಳ ಹಾಗೆ, ಕತೆಯೊಳಗೆ ಇದ್ದ ಒಂದು ಹೆಸರು.

ಆಮೇಲೆ ಒಂದು ಶುಕ್ರವಾರ ದಮ್ಮಾಮಿನ ಒಂದು ಮನೆಯಲ್ಲಿ ಕೆಲಸಕ್ಕಿದ್ದ, ಮರಿಯಾನಿಯ ಊರ ಕಡೆಯ ಇನ್ನೊಬ್ಬ ಹೆಂಗಸು ರಜೆ ಮುಗಿಸಿ ಬಂದು ಒಂದು ಕ್ಯಾಸೆಟ್ ತಂದುಕೊಟ್ಟಳು. ಆಗಿನ ಕಾಲದಲ್ಲಿ ಓದು ಬರಹ ಕಡಿಮೆ ಇದ್ದವರ ಮನೆಗಳಿಂದ ಕಾಗದದ ಬದಲು ಕ್ಯಾಸೆಟ್ ಬರುತ್ತಿತ್ತು. ಜದ್ದಾ ಕುರಾನ್ ಕೇಳುವ ಟೇಪ್ ರೆಕಾರ್ಡರನ್ನು ಮರಿಯಾನಿ ಅಡುಗೆಮನೆಗೆ ತಂದಳು. ಮಧ್ಯಾಹ್ನದ ಊಟ ಮುಗಿದಿತ್ತು. ನಾನು ಅವಳ ಮುಂದೆ ನೆಲದ ಮೇಲೆ ಕುಳಿತಿದ್ದೆ; ಅವಳು ನನ್ನ ತಲೆ ಬಾಚಿ ಜಡೆ ಹಾಕುತ್ತಿದ್ದಳು. ಮೊದಲು ಅವಳ ತಾಯಿ ಕೆಮ್ಮುತ್ತ ಮಾತಾಡಿದಳು. ಹಿಂದೆ ಕೋಳಿ, ದೋಣಿಯ ಎಂಜಿನ್ನು, ಮಕ್ಕಳ ಗಲಾಟೆ. ಆಮೇಲೆ ಸಿತಿ ಬಂದಳು. ಶಾಲೆಯ ಪಾಠವೊಂದನ್ನು ತಡವರಿಸದೆ ಓದಿದಳು. ಆಡು ಎರಡು ಮರಿ ಹಾಕಿತು ಅಂದಳು. ಆಮೇಲೆ ದನಿ ಸಣ್ಣದು ಮಾಡಿ ಕೇಳಿದಳು. ಬಿಬಿ ನನಗೆ ಅನುವಾದಿಸಬೇಕಾಗಿರಲಿಲ್ಲ. ನನಗೆ ಒಂದೊಂದು ಪದವೂ ಅರ್ಥವಾಯಿತು.

“ಅಮ್ಮಾ, ಯಾವಾಗ ಮನೆಗೆ ಬರುತ್ತೀ? ನೀನಿರುವ ಕಡೆ ನನ್ನ ವಯಸ್ಸಿನ ಒಬ್ಬ ಹುಡುಗಿ ಇದ್ದಾಳಂತೆ. ಅವಳ ಜಡೆ ನೀನೇ ಹಾಕುತ್ತೀಯಾ?”

ನನ್ನ ತಲೆಯ ಮೇಲಿದ್ದ ಕೈ ನಿಂತಿತು. ಟೇಪು ಸ್ವಲ್ಪ ಹೊತ್ತು ಬರೀ ಗಾಳಿಯ ಸದ್ದು ಮಾಡಿ ಮುಗಿಯಿತು. ಬಿಬಿ ಜಡೆಯನ್ನು ಕೊನೆಯವರೆಗೆ ಹೆಣೆದು, ರಿಬ್ಬನ್ ಕಟ್ಟಿ, ನನ್ನ ಭುಜ ತಟ್ಟಿ ಕಳುಹಿಸಿದಳು. ನಾನು ಮೇಲೆ ಹೋಗಿ ಬಚ್ಚಲಿನ ಬಾಗಿಲು ಹಾಕಿಕೊಂಡು ಆ ಜಡೆಯನ್ನು ಬಿಚ್ಚಿದೆ.

ಮರುದಿನ ಶಾಲೆಯ ಬಸ್ಸಿನಿಂದ ಇಳಿದವಳು ನೇರ ಜದ್ದಾನ ಕೋಣೆಗೆ ಹೋದೆ. ಬಿಬಿ ಒಳಗೆ ಪಾತ್ರೆ ತೊಳೆಯುತ್ತಿದ್ದಳು. ನಾನು ಚೀಲವನ್ನೂ ಇಳಿಸದೆ ನಿಂತಲ್ಲೇ ಉಮ್ಮ ಅಂದು ಹೇಳಿದ ಅಷ್ಟೂ ಮಾತನ್ನು ಒಂದೇ ಉಸಿರಿಗೆ ಅರಬಿಯಲ್ಲಿ ಹೇಳಿದೆ. ಮೊಣಕಾಲಿನ ಮಾತು ನಾನೇ ಸೇರಿಸಿದ್ದು ಎಂದೂ ಹೇಳಿದೆ. ಅವರು ಕೈ ಚಾಚಿ ಹುಡುಕಿ ನನ್ನ ಮಣಿಕಟ್ಟು ಹಿಡಿದು ಪಕ್ಕದಲ್ಲಿ ಕೂರಿಸಿಕೊಂಡರು.

“ಅದು ನನಗೆ ಅಂದೇ ಗೊತ್ತಾಯಿತು, ಮಗಳೇ. ಬಾಣಂತಿ ಒಬ್ಬಳು ನನ್ನ ಮೊಣಕಾಲು ವಿಚಾರಿಸಲು ಮೆಟ್ಟಿಲಿಳಿದು ಬರುವುದಿಲ್ಲ. ಮರಿಯಮ್ ಎನ್ನುವಾಗ ಅವಳ ದನಿ ನಡುಗುತ್ತಿತ್ತು. ನಿನ್ನ ಮಾತು ಅದಕ್ಕೆ ಹೊಂದುತ್ತಿರಲಿಲ್ಲ.”

ಹಾಗಿದ್ದರೆ ಯಾಕೆ ಸುಮ್ಮನಿದ್ದಿರಿ ಎಂದು ಕೇಳಿದೆ.

“ನೀನು ಯಾಕೆ ಸುಳ್ಳು ಹೇಳಿದೆಯೋ ಅದಕ್ಕೇ. ನನಗೂ ಅವಳು ಹೋಗುವುದು ಬೇಡವಾಗಿತ್ತು. ನೀನು ಸಣ್ಣವಳು. ನನ್ನ ವಯಸ್ಸು ನೋಡು.”

ಅವರು ಅಳಲಿಲ್ಲ. ನನ್ನ ಕೈ ಬಿಡದೆಯೇ, ಮಗನನ್ನು ಕಂಪೆನಿಯಿಂದ ಕರೆಸು ಎಂದು ಒಳಗಿದ್ದ ಬಿಬಿಗೆ ಕೂಗಿದರು.

ಆ ಸಂಜೆ ಸಾಲೆಹ್ ಉಪ್ಪನನ್ನು ಕೆಳಗೆ ಕರೆದರು. ಉಪ್ಪ ಅಂಗಿ ಬದಲಾಯಿಸಿಕೊಂಡು, ಇಕಾಮಾವನ್ನು ಜೇಬಿನಲ್ಲಿಟ್ಟುಕೊಂಡು ಇಳಿದುಹೋದರು. ಉಮ್ಮ ಮಗುವನ್ನು ಎತ್ತಿಕೊಂಡು ಬಾಗಿಲಲ್ಲೇ ನಿಂತಳು. ನಾನು ಅವಳ ಪಕ್ಕದಲ್ಲಿ ನಿಂತು, ಇನ್ನು ತಡೆಯಲಾರದೆ, ಎಲ್ಲವನ್ನೂ ಹೇಳಿದೆ. ಅವಳು ಹೊಡೆಯಲಿಲ್ಲ. ನನ್ನನ್ನು ನೋಡಿದಳು, ಅಷ್ಟೇ. ಒತ್ತಕ್ಷರ ತಪ್ಪಿದಾಗಲೂ ಅವಳು ನನ್ನ ಕಿವಿ ಮುಟ್ಟುತ್ತಿದ್ದವಳು, ಅಂದು ಮುಟ್ಟಲಿಲ್ಲ. ಅಷ್ಟರಲ್ಲಿ ಉಪ್ಪ ಮೇಲೆ ಬಂದರು. ಅವರ ಕೈಯಲ್ಲಿ ಮರಿಯಾನಿಯ ಪಾಸ್‌ಪೋರ್ಟ್ ಇತ್ತು. ನಾಳೆ ಟ್ರಾವೆಲ್ಸಿಗೆ ಹೋಗಿ ಅವಳ ಟಿಕೆಟ್ ಮಾಡಿಸಲು ಸಾಲೆಹ್ ಹೇಳಿದ್ದಾರೆ ಎಂದರು. ಅಷ್ಟು ತಿಂಗಳು ತಾನು ತಡಮಾಡಿದ್ದು ತಪ್ಪು ಎಂದು ಅವರೇ ಅಂದರಂತೆ. ಉಪ್ಪ ಆ ಪಾಸ್‌ಪೋರ್ಟನ್ನು ಕಪಾಟಿನಲ್ಲಿಡಲು ಮನಸ್ಸಾಗದೆ, ದಿಂಬಿನ ಪಕ್ಕದಲ್ಲಿಟ್ಟುಕೊಂಡು ಕುಳಿತರು. ಆಮೇಲೆ ಉಮ್ಮನಿಗೆ, ನೀನು ಹೋಗಿ ಮಾತಾಡಿದ್ದು ಒಳ್ಳೆದಾಯ್ತು ಮಾರಾಯ್ತಿ, ಅಂದರು. ಉಮ್ಮ ನನ್ನ ಗುಟ್ಟು ಬಿಟ್ಟುಕೊಡಲಿಲ್ಲ. ಅಡುಗೆಮನೆಗೆ ಕರೆದು ಕನ್ನಡದ ಪುಸ್ತಕ ಮುಂದಿಟ್ಟಳು.

“ಅಂದು ನಾನು ಎಂತ ಹೇಳಿದ್ದೆ, ನೀನು ಎಂತ ಹೇಳಿದೆ, ಎರಡನ್ನೂ ಬರಿ. ಒಂದು ಅಕ್ಷರ ಹೆಚ್ಚು ಬೇಡ, ಕಡಿಮೆಯೂ ಬೇಡ.”

ಬರೆದು ಮುಗಿಸಲು ನನಗೆ ಬಹಳ ಹೊತ್ತು ಹಿಡಿಯಿತು. ನನ್ನ ಮಾತು ಸುಲಭವಾಗಿ ಬಂತು. ಉಮ್ಮನ ಮಾತು ಬರೆಯುವಾಗ ಅವಳ ದನಿ ನೆನಪು ಮಾಡಿಕೊಳ್ಳಬೇಕಾಗಿತ್ತು, ಹಾಗೆ ನೆನೆದಾಗಲೆಲ್ಲ ಜದ್ದಾ ಕೇಳಿಸಿಕೊಂಡಿದ್ದ ಆ ನಡುಕ ನನಗೂ ಕೇಳಿಸತೊಡಗಿತು. ಈಗ ನಾನು ಇದೇ ಖೋಬರಿನ ಒಂದು ಆಸ್ಪತ್ರೆಯಲ್ಲಿ ದುಭಾಷಿ. ಊರಿನಿಂದ ಬಂದ ರೋಗಿಗಳ ಕನ್ನಡ, ತುಳು, ಬ್ಯಾರಿಯನ್ನು ಡಾಕ್ಟರ ಅರಬಿಗೆ, ಡಾಕ್ಟರ ಮಾತನ್ನು ಅವರ ಭಾಷೆಗೆ ದಾಟಿಸುವುದು ನನ್ನ ಕೆಲಸ. ಕೆಲವೊಮ್ಮೆ ಎದುರಿಗೆ ಕುಳಿತವರ ಮುಖ ನೋಡಿದಾಗ ಡಾಕ್ಟರ ಮಾತನ್ನು ಒಂಚೂರು ಮೆದು ಮಾಡೋಣ ಅನಿಸುತ್ತದೆ. ಮಾಡುವುದಿಲ್ಲ. ಹೇಳಿದ್ದನ್ನು ಹೇಳಿದ ಹಾಗೆ ಹೇಳಿ, ಆಮೇಲೆ ಅವರ ಪಕ್ಕದಲ್ಲಿ ಸ್ವಲ್ಪ ಹೊತ್ತು ಕೂರುತ್ತೇನೆ.

ಮರಿಯಾನಿ ಹೊರಡಲು ಎರಡು ವಾರ ಬೇಕಾಯಿತು. ಆ ಎರಡು ವಾರ ಉಮ್ಮ ಮತ್ತು ನಾನು ಜದ್ದಾನಿಗೆ ಉಣಿಸುವುದನ್ನು ಅವಳಿಂದ ಕಲಿತೆವು. ಖರ್ಜೂರದ ಬೀಜ ತೆಗೆದು ಬೆರಳಿನಿಂದ ಹಿಸುಕಿ ಕೊಡಬೇಕು, ಮೀನಿನ ಮುಳ್ಳನ್ನು ಎರಡು ಸಲ ನೋಡಬೇಕು, ತುತ್ತು ಬಾಯಿಯ ಹತ್ತಿರ ಬಂದಾಗ ಬಿಸ್ಮಿಲ್ಲಾ ಅನ್ನಬೇಕು, ಇಲ್ಲದಿದ್ದರೆ ಅವರಿಗೆ ತಿಳಿಯುವುದಿಲ್ಲ. ಮೊದಲ ಮೂರು ದಿನ ಅವರು ನಮ್ಮ ಕೈಯಿಂದ ತಿನ್ನದೆ ಹಟ ಹಿಡಿದರು. ನಾಲ್ಕನೆಯ ದಿನ ಉಮ್ಮ ಕುಚ್ಚಲಕ್ಕಿ ಗಂಜಿ ಮಾಡಿ, ಒಣಮೀನಿನ ಚಟ್ನಿಯೊಂದಿಗೆ ಒಯ್ದಳು. ಜದ್ದಾ ಇದು ರೋಗಿಗಳ ಊಟ ಎಂದು ಗೊಣಗಿ, ಎರಡು ಚಮಚ ಕುಡಿದು, ನಾಳೆಗೆ ಇದು ಇರುತ್ತದೆಯೇ ಎಂದು ಕೇಳಿದರು. ಹೊಸಬಳು ಬರುವವರೆಗೆ, ಬಂದ ಮೇಲೂ, ಶುಕ್ರವಾರದ ಗಂಜಿ ನಮ್ಮ ಮನೆಯದೇ ಆಯಿತು. ಬಿಬಿ ಹೊರಟ ದಿನ ಬೆಳಿಗ್ಗೆ ಜದ್ದಾ ಬೀದಿಯ ಬಾಗಿಲಿನವರೆಗೆ ಗೋಡೆ ಹಿಡಿದುಕೊಂಡು ಬಂದರು. ಅವಳ ಮುಖವನ್ನು ಎರಡೂ ಕೈಯಿಂದ ಮುಟ್ಟಿ ಮುಟ್ಟಿ ನೋಡಿದರು. ಸಾಲೆಹ್ ತಾವೇ ಕಾರು ನಡೆಸಿದರು. ನಾನು ಸಿತಿಗೆ ಏನಾದರೂ ಹೇಳಿ ಕಳುಹಿಸಬೇಕೆಂದಿದ್ದೆ, ಬಿಬಿಯ ಚೀಲವನ್ನು ಕಾರಿನಲ್ಲಿಟ್ಟು ಹಿಂದೆ ಸರಿದೆ.

ಆಮೇಲೆ ಬಹಳ ವರ್ಷ ಸುದ್ದಿ ಇರಲಿಲ್ಲ. ಜದ್ದಾ ತೀರಿಕೊಂಡರು, ಆ ಕಟ್ಟಡ ಹೋಗಿ ಅಂಗಡಿಗಳು ಬಂದವು, ನಾನು ಊರಿಗೆ ಹೋಗಿ ಕಾಲೇಜು ಓದಿ, ಮದುವೆಯಾಗಿ ಮತ್ತೆ ಇಲ್ಲಿಗೇ ಬಂದೆ. ನನ್ನವರಿಗೆ ಜುಬೈಲಿನ ಒಂದು ಕಾರ್ಖಾನೆಯಲ್ಲಿ ಕೆಲಸ. ನಮ್ಮ ಆಸ್ಪತ್ರೆಗೆ ಹೊಸದಾಗಿ ಬಂದ ಇಂಡೋನೇಷ್ಯಾದ ನರ್ಸ್ ಒಬ್ಬಳ ಹತ್ತಿರ ಒಂದು ದಿನ ಊಟದ ಹೊತ್ತಿನಲ್ಲಿ ಈ ಕತೆ ಹೇಳಿದೆ. ಎರಡೇ ವಾರದಲ್ಲಿ ಅವಳು ಫೋನಿನಲ್ಲಿ ಯಾರನ್ನೋ ಹಿಡಿದು, ಅವರು ಇನ್ಯಾರನ್ನೋ ಹಿಡಿದು, ಸಿತಿ ಎಂಬವಳ ಮುಖವನ್ನು ನನ್ನ ಮುಂದೆ ತಂದು ನಿಲ್ಲಿಸಿದಳು. ದುಂಡು ಮುಖ, ಗಟ್ಟಿ ದನಿ. ದ್ವೀಪದ ಪ್ರಾಥಮಿಕ ಶಾಲೆಯಲ್ಲಿ ಅವಳು ಗುರು. ಹಿಂದಿನಿಂದ ಯಾರೋ ಫೋನ್ ಕಸಿದುಕೊಂಡರು. ನೆರೆತ ಕೂದಲಿನ ಮರಿಯಾನಿ ಬಿಬಿ ನನ್ನ ಹೆಸರು ಹಿಡಿದು, “ನಸೀಮಾ, ಊಟ ಆಯಿತಾ?” ಎಂದು ಅರಬಿಯಲ್ಲಿ ಕೇಳಿದಳು.

ಹೋದ ವರ್ಷ ರಜೆ ಹಾಕಿ ನಾನು ಆ ದ್ವೀಪಕ್ಕೆ ಹೋದೆ. ಈಗ ಅಲ್ಲಿಗೆ ಸಮುದ್ರದಡಿಯಿಂದ ಪೈಪಿನಲ್ಲಿ ನೀರು ಬರುತ್ತದೆ. ಮನೆಗಳು ನಾನು ಬರೆದದ್ದಕ್ಕಿಂತ ಹತ್ತಿರ ಹತ್ತಿರ ಇದ್ದವು, ಬಣ್ಣಗಳು ಹೆಚ್ಚಿದ್ದವು, ವಾಸನೆಯನ್ನು ಬಿಬಿ ನನಗೆ ಹೇಳಿಯೇ ಇರಲಿಲ್ಲ. ಅವಳ ಮನೆಗೆ ಗೋಡೆ ಎದ್ದು ಎಷ್ಟೋ ವರ್ಷವಾಗಿತ್ತು. ಪಕ್ಕದಲ್ಲಿ ಸಿತಿಯ ಮನೆ, ನಡುವೆ ಒಂದು ಹಲಗೆಯ ಸೇತುವೆ. ಮಧ್ಯಾಹ್ನ ಚಾಪೆಯ ಮೇಲೆ ಅನ್ನ, ಸುಟ್ಟ ಮೀನು ಹಾಕಿ ಮೂವರೂ ಕುಳಿತೆವು. ಕೈ ತೊಳೆಯುವ ಮೊದಲೇ ನಾನು ಹೇಳಿಬಿಟ್ಟೆ, ಹತ್ತು ವರ್ಷದವಳಾಗಿ ನಾನು ತಪ್ಪಾಗಿ ದಾಟಿಸಿದ ಮಾತನ್ನು, ಅದರಿಂದ ಕಳೆದ ಮೂರು ವಾರವನ್ನು. ಬಿಬಿಗೆ ಇದು ಗೊತ್ತಿರಲಿಲ್ಲ. ಜದ್ದಾ ಅವಳಿಗೆ ಹೇಳಿರಲೇ ಇಲ್ಲ. ಅವಳು ಮೀನಿನ ಮುಳ್ಳು ಬಿಡಿಸುತ್ತಿದ್ದ ಕೈಯನ್ನು ನಿಲ್ಲಿಸಿ ನನ್ನನ್ನು ನೋಡಿದಳು, ಆಮೇಲೆ ನಗಲು ಶುರು ಮಾಡಿದಳು, ನಗುತ್ತಲೇ ಕಣ್ಣೊರೆಸಿಕೊಂಡು ಮಗಳ ಕಿವಿಯಲ್ಲಿ ಏನೋ ಹೇಳಿದಳು. ಸಿತಿ ನಗಲಿಲ್ಲ.

“ಎಷ್ಟು ದಿನ ರಜೆ ಹಾಕಿದ್ದೀ?” ಎಂದು ಕೇಳಿದಳು.

ನಾಲ್ಕು ದಿನ ಅಂದೆ.

“ನನ್ನ ಅಮ್ಮನನ್ನು ಮೂರು ವಾರ ಇಟ್ಟುಕೊಂಡವಳು ನಾಲ್ಕು ದಿನಕ್ಕೆ ಬಂದಿದ್ದೀಯಾ?”

ಚಾಪೆಯ ಅಂಚಿನಲ್ಲಿದ್ದ ನನ್ನ ಫೋನನ್ನು ಎತ್ತಿ ನನ್ನ ಕೈಗೆ ಕೊಟ್ಟಳು. ಜುಬೈಲಿನಲ್ಲಿ ಆಗ ಬೆಳಗಿನ ಪಾಳಿಯ ಹೊತ್ತು. ನನ್ನವರಿಗೆ ಫೋನ್ ಮಾಡಿದೆ; ಅವರು ಕಂಪೆನಿ ಬಸ್ಸಿನಲ್ಲಿದ್ದರು. ಟಿಕೆಟ್ ಮುಂದೂಡಬೇಕು, ಆಸ್ಪತ್ರೆಗೂ ತಿಳಿಸಬೇಕು, ಇನ್ನೂ ಸ್ವಲ್ಪ ದಿನ ಇಲ್ಲೇ ಇರುತ್ತೇನೆ ಅಂದೆ. ಸ್ವಲ್ಪ ಅಂದರೆ ಎಷ್ಟು ಎಂದು ಅವರು ಕೇಳಿದರು. ಉತ್ತರಕ್ಕಾಗಿ ನಾನು ಸಿತಿಯ ಕಡೆ ತಿರುಗಿದೆ. ಅವಳು ಆಗಲೇ ಎದ್ದು, ನನ್ನ ಚೀಲವನ್ನು ಹೆಗಲಿಗೇರಿಸಿಕೊಂಡು, ಹಲಗೆ ದಾಟಿ ತನ್ನ ಮನೆಯೊಳಗೆ ಹೋಗುತ್ತಿದ್ದಳು.